ವಿದ್ಯುತ್ತಿನ ಕೆರೆಗೂ ಒಬ್ಬ ನೀರುಗಂಟಿ ಬೇಕು

ನಮ್ಮ ತುಮಕೂರು ಸೀಮೆಯಲ್ಲಿ ಕೆರೆಗೊಬ್ಬ ನೀರುಗಂಟಿ ಇರುತ್ತಿದ್ದ. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯುತ್ತಿತ್ತು. ಆದರೆ ತೂಬನ್ನು ಯಾವ ದಿನ ತೆರೆಯಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಮಳೆ ಹಿಂದೆ ಬಿದ್ದರೆ ಎಷ್ಟನ್ನು ಕೆರೆಯಲ್ಲೇ ಉಳಿಸಿಕೊಳ್ಳಬೇಕು ಎಂಬುದೆಲ್ಲ ನೀರುಗಂಟಿಯ ಲೆಕ್ಕಕ್ಕೆ ಬಿಟ್ಟದ್ದಾಗಿತ್ತು. ಸೌರ ಮತ್ತು ಪವನ ವಿದ್ಯುತ್ತನ್ನು ಕೂಡಿಡುವ ವ್ಯವಸ್ಥೆಗಳ ಬಗ್ಗೆ ಓದುವಾಗಲೆಲ್ಲ ನನಗೆ ಅವನ ನೆನಪಾಗುತ್ತದೆ. ಪತ್ರಿಕೆಗಳಲ್ಲಿ ಬರುವುದು ಯಾವಾಗಲೂ ಕೆರೆಯ ಗಾತ್ರದ ಸುದ್ದಿ, ಇಷ್ಟು ಮೆಗಾವ್ಯಾಟ್, ಇಷ್ಟು ಕೋಟಿ ರೂಪಾಯಿ ಎಂದು. ತೂಬಿನ ಮಾತನ್ನು ಯಾರೂ ಎತ್ತುವುದಿಲ್ಲ.

ಮೆಗಾವ್ಯಾಟ್ ಎಂಬ ಅಳತೆ ಹೇಳುವುದು ತೂಬಿನ ಅಗಲವನ್ನು. ಕೆರೆಯಲ್ಲಿ ಎಷ್ಟು ನೀರಿದೆ ಎಂಬುದನ್ನು ಹೇಳುವುದು ಮೆಗಾವ್ಯಾಟ್-ಗಂಟೆ. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ 2017ರಲ್ಲಿ ಸ್ಥಾಪಿಸಿದ, ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದೆನಿಸಿದ್ದ ಲಿಥಿಯಂ ಬ್ಯಾಟರಿಯ ಸಾಮರ್ಥ್ಯ 100 ಮೆಗಾವ್ಯಾಟ್ ಮತ್ತು 129 ಮೆಗಾವ್ಯಾಟ್-ಗಂಟೆ. ತೂಬನ್ನು ಪೂರ್ತಿ ತೆರೆದರೆ ಅದು ಒಂದೂಕಾಲು ಗಂಟೆಯಲ್ಲಿ ಬರಿದಾಗುತ್ತಿತ್ತು. ಹಾಗಿದ್ದರೂ ಅದು ಹೆಸರು ಮಾಡಿದ್ದು ಇಡೀ ರಾತ್ರಿ ಊರಿಗೆ ಬೆಳಕು ಕೊಟ್ಟು ಅಲ್ಲ, ಎಲ್ಲೋ ಒಂದು ಉತ್ಪಾದನಾ ಘಟಕ ಹಠಾತ್ತನೆ ನಿಂತಾಗ ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಜಾಲಕ್ಕೆ ಆಸರೆಯಾಗಿ.

ಈ ಆಸರೆ ಏಕೆ ಬೇಕೆಂದರೆ, ವಿದ್ಯುತ್ ಜಾಲದಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸರಿಸಮನಾಗಿರಬೇಕು. ಜಾಲದ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬುದೇ ಅದರ ಆವರ್ತನ. ನಮ್ಮ ದೇಶದಲ್ಲಿ ಅದು 50 ಹರ್ಟ್ಸ್, 49.90ರಿಂದ 50.05ರ ಒಳಗೇ ಇರಬೇಕೆಂಬುದು ನಿಯಮ. ಬಳಕೆ ಹೆಚ್ಚಾದರೆ ಆವರ್ತನ ಕುಸಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಏರುತ್ತದೆ. ಹಿಂದೆ ಉಷ್ಣ ಮತ್ತು ಜಲ ವಿದ್ಯುತ್ ಸ್ಥಾವರಗಳ ಭಾರೀ ಯಂತ್ರಗಳು ತಿರುಗುವ ರಭಸದಲ್ಲೇ ಈ ಏರಿಳಿತದ ಮೊದಲ ಪೆಟ್ಟನ್ನು ತಾಳಿಕೊಳ್ಳುತ್ತಿದ್ದವು. ಸೌರ ಫಲಕದಲ್ಲಿ ತಿರುಗುವ ಭಾಗವೇ ಇಲ್ಲ.

ಪಾವಗಡದ ಸೌರ ಪಾರ್ಕಿನ ಸಾಮರ್ಥ್ಯ 2050 ಮೆಗಾವ್ಯಾಟ್. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಅದು ಹರಡಿಕೊಂಡಿದೆ. ಕೆರೆಗಳು ತುಂಬುವುದನ್ನೇ ಮರೆತಿದ್ದ ಆ ನೆಲದಲ್ಲಿ ಈಗ ಮಧ್ಯಾಹ್ನದ ಹೊತ್ತು ವಿದ್ಯುತ್ತು ಕೋಡಿ ಬೀಳುತ್ತದೆ. ಸಂಜೆ ಆರರ ಹೊತ್ತಿಗೆ ಅಲ್ಲಿನ ಉತ್ಪಾದನೆ ಸೊನ್ನೆಗೆ ಇಳಿಯುವಾಗಲೇ ಬೆಂಗಳೂರಿನ ಮನೆಗಳಲ್ಲಿ ದೀಪ, ಫ್ಯಾನು, ಕುಕ್ಕರು, ಟಿ.ವಿ. ಎಲ್ಲವೂ ಒಟ್ಟಿಗೆ ಶುರುವಾಗುತ್ತವೆ. ಈ ಕಂದಕವನ್ನು ತುಂಬಲು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲ ಘಟಕಗಳನ್ನು ಮಧ್ಯಾಹ್ನ ತಗ್ಗಿಸಿ ಸಂಜೆ ಏರಿಸಬೇಕು. ಆದರೆ ಅಂತಹ ಘಟಕಗಳನ್ನು ಸಾಮರ್ಥ್ಯದ ಶೇ 55ಕ್ಕಿಂತ ಕೆಳಗೆ ಓಡಿಸುವುದು ಕಷ್ಟ, ಒಮ್ಮೆ ಆರಿಸಿದರೆ ಮತ್ತೆ ಹೊತ್ತಿಸಲು ಗಂಟೆಗಟ್ಟಲೆ ಬೇಕು. ಆದ್ದರಿಂದ ಮಧ್ಯಾಹ್ನದ ಹೆಚ್ಚುವರಿಯನ್ನು ಎಲ್ಲಾದರೂ ಕೂಡಿಡುವುದೇ ದಾರಿ.

ಹಾಗೆ ಕೂಡಿಡುವ ಹಳೆಯ ವಿಧಾನವೆಂದರೆ ನೀರನ್ನು ಮೇಲಕ್ಕೆ ಎತ್ತಿ, ಬೇಕಾದಾಗ ಕೆಳಗೆ ಬಿಡುವುದು. ಶರಾವತಿ ಕಣಿವೆಯಲ್ಲಿ ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ ಜಲಾಶಯಗಳು ಆಗಲೇ ಇವೆ. ಎರಡರ ನಡುವೆ ಸುರಂಗ ಕೊರೆದು ನೆಲದಡಿಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಘಟಕ ನಿರ್ಮಿಸುವ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ (ಕೆಪಿಸಿಎಲ್) ಕೈಗೆತ್ತಿಕೊಂಡಿದೆ. ಎರಡು ಜಲಾಶಯಗಳ ಎತ್ತರದ ಅಂತರ 460 ಮೀಟರ್ ಆಸುಪಾಸು. ಇಷ್ಟು ಎತ್ತರದಿಂದ ಒಂದು ಟನ್ ನೀರು ಇಳಿದರೆ ಯಂತ್ರದ ನಷ್ಟ ಕಳೆದು ಸಿಗುವುದು ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು. ಹಾಗಾದರೆ 2000 ಮೆಗಾವ್ಯಾಟ್ ಅನ್ನು ಒಂದೇ ಒಂದು ಗಂಟೆ ಉತ್ಪಾದಿಸಬೇಕಿದ್ದರೂ ಸುಮಾರು 18 ಲಕ್ಷ ಟನ್ ನೀರು ಕೆಳಗಿಳಿಯಬೇಕು. ಅದನ್ನು ಮತ್ತೆ ಮೇಲೆತ್ತಲು ಖರ್ಚಾಗುವ ಪ್ರತಿ 100 ಯೂನಿಟ್ಟಿಗೆ ಮರಳಿ ಸಿಗುವುದು 75ರಿಂದ 80 ಮಾತ್ರ. ಈ ಲೆಕ್ಕವನ್ನು ನಾನು ಒಪ್ಪುತ್ತೇನೆ, ಹಗಲು ಚೆಲ್ಲಿಹೋಗುವ ವಿದ್ಯುತ್ತಿಗೆ ಹೋಲಿಸಿದರೆ ಈ ನಷ್ಟ ದೊಡ್ಡದಲ್ಲ. ಆದರೆ ಸಿಂಗಳೀಕಗಳ ಅಭಯಾರಣ್ಯದೊಳಗಿನ ಕಾಡಿಗೆ ಬೀಳುವ ಪೆಟ್ಟು ಈ ಲೆಕ್ಕದೊಳಗೆ ಬರುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆ ಬಿಟ್ಟವರಲ್ಲಿ ಎಷ್ಟೋ ಕುಟುಂಬಗಳು ಇವತ್ತಿಗೂ ಜಮೀನಿನ ಹಕ್ಕಿಗಾಗಿ ಅಲೆಯುತ್ತಿರುವಾಗ, ಅದೇ ಕಣಿವೆಯನ್ನು ಮತ್ತೊಮ್ಮೆ ಕೇಳುವ ಮುನ್ನ ಹಳೆಯ ಬಾಕಿ ತೀರಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ನು ಬ್ಯಾಟರಿಗೆ ಬರೋಣ, ನೀರುಗಂಟಿಯ ಜಾಣ್ಮೆ ಹೆಚ್ಚು ಬೇಕಾಗುವುದು ಇಲ್ಲಿಯೇ. ನಮ್ಮ ಮನೆಯ ಇನ್ವರ್ಟರಿನ ಸೀಸದ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಒಂದು ಬೇಸಿಗೆಯಲ್ಲಿ ನಾನು ಮರೆತು, ಅದು ಅವಧಿಗೆ ಮುಂಚೆಯೇ ಕೈಕೊಟ್ಟಿತು. ಅಂತಹ ಬ್ಯಾಟರಿ ಖಾಲಿಯಾಗಿ ಬಿದ್ದಿರುವುದನ್ನು ಸಹಿಸುವುದಿಲ್ಲ, ಸದಾ ತುಂಬಿರಬೇಕು. ಜಾಲಕ್ಕೆ ಈಗ ಹೆಚ್ಚಾಗಿ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಸ್ವಭಾವ ಇದಕ್ಕೆ ತಿರುಗಾಮುರುಗಾ: ಬಹಳ ಕಾಲ ಪೂರ್ತಿ ತುಂಬಿಕೊಂಡು, ಅದೂ ಬಿಸಿಯಲ್ಲಿ ಕುಳಿತರೆ, ಬೇಗ ಸವೆಯುತ್ತದೆ. ಅದರಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯುವುದೂ ಸುಲಭವಲ್ಲ. ಕಾಲು ಭಾಗ ತುಂಬಿರಲಿ, ಮುಕ್ಕಾಲು ಭಾಗ ತುಂಬಿರಲಿ, ಅದರ ವೋಲ್ಟೇಜು ಹೆಚ್ಚುಕಡಿಮೆ ಒಂದೇ ಇರುತ್ತದೆ. ಕೆರೆಯ ಅಳತೆಗಲ್ಲು ಯಾವಾಗಲೂ ಒಂದೇ ಗೀಟು ತೋರಿಸಿದ ಹಾಗೆ. ಆದ್ದರಿಂದ ಒಳಗೆ ಹೋದ ಮತ್ತು ಹೊರಗೆ ಬಂದ ವಿದ್ಯುತ್ ಪ್ರವಾಹವನ್ನು ಕ್ಷಣಕ್ಷಣಕ್ಕೂ ಕೂಡಿ ಕಳೆದು ಜಮಾಖರ್ಚು ಇಡಬೇಕಾಗುತ್ತದೆ. ಆ ಲೆಕ್ಕದಲ್ಲಿ ಸಣ್ಣ ತಪ್ಪುಗಳು ಸೇರುತ್ತಾ ಹೋಗುವುದರಿಂದ ಆಗಾಗ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಲೆಕ್ಕ ತಾಳೆ ನೋಡಲೇಬೇಕು. ಇದನ್ನು ಕಡೆಗಣಿಸಿದರೆ, ಶೇ 40 ಇದೆ ಎಂದು ಪರದೆ ತೋರಿಸುತ್ತಿರುವಾಗಲೇ ಸಂಜೆಯ ನಡುವೆ ಬ್ಯಾಟರಿ ಬರಿದಾಗಬಹುದು.

ಶಾಖದ ವಿಷಯವೂ ಹಾಗೆಯೇ. ಈ ಕೋಶಗಳಿಗೆ ಹಿತವಾದ ತಾಪಮಾನ 25 ಡಿಗ್ರಿಯ ಆಸುಪಾಸು, ಕಲಬುರಗಿ ಮತ್ತು ರಾಯಚೂರಿನ ಬೇಸಿಗೆಯಾದರೋ 40 ಡಿಗ್ರಿ ದಾಟುತ್ತದೆ. ಕಂಟೇನರುಗಳನ್ನು ತಂಪಾಗಿಡಲು ಬ್ಯಾಟರಿಯ ವಿದ್ಯುತ್ತಿನಲ್ಲೇ ಒಂದು ಪಾಲು ತೆರಬೇಕು. ಟೆಂಡರಿನ ದರ ನೋಡಿ ಹಿಗ್ಗುವವರು ಈ ಪಾಲನ್ನು ಮರೆತುಬಿಡುತ್ತಾರೆ.

ಹಣದ ಲೆಕ್ಕಕ್ಕೆ ಬಂದರೆ, ವಿದ್ಯುತ್ತನ್ನು ಕೊಂಡು ಮಾರುವ ವಿನಿಮಯ ಕೇಂದ್ರಗಳಲ್ಲಿ ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ವಿಂಗಡಿಸಿ ಒಂದೊಂದಕ್ಕೂ ಬೇರೆ ಬೆಲೆ ಕಟ್ಟುತ್ತಾರೆ. ಮಧ್ಯಾಹ್ನ ಬೆಲೆ ನೆಲ ಕಚ್ಚುತ್ತದೆ. ಬೇಡಿಕೆಯ ದಿನಗಳ ಸಂಜೆ ಯೂನಿಟ್ಟಿಗೆ 10 ರೂಪಾಯಿಯ ಗರಿಷ್ಠ ಮಿತಿಯನ್ನೇ ಮುಟ್ಟುವುದುಂಟು. ಅಗ್ಗದಲ್ಲಿ ತುಂಬಿ ತುಟ್ಟಿಯಲ್ಲಿ ಬಿಡುವುದು ಯಾರಿಗೂ ತೋಚುವ ಉಪಾಯ. ಆದರೆ ಪ್ರತಿ ಸಲ ತುಂಬಿ ಬರಿದು ಮಾಡಿದಾಗಲೂ ಬ್ಯಾಟರಿಯ ಆಯುಸ್ಸು ಒಂದಿಷ್ಟು ಸವೆಯುವುದರಿಂದ, ಇಂದಿನ ಬೆಲೆಯ ಅಂತರ ಆ ಸವೆತಕ್ಕೆ ತಕ್ಕದ್ದೇ ಎಂದು ನಿರ್ವಾಹಕ ದಿನವೂ ತೂಗಿ ನೋಡಬೇಕು. ಏಳು ಗಂಟೆಗೇ ಎಲ್ಲವನ್ನೂ ಮಾರಿಕೊಂಡು ಕೈ ತೊಳೆದುಕೊಂಡರೆ, ಎಂಟಕ್ಕೆ ಎಲ್ಲಾದರೂ ಒಂದು ಘಟಕ ಕೈಕೊಟ್ಟಾಗ ಜಾಲಕ್ಕೆ ಆಸರೆಯಾಗಲು ಏನೂ ಉಳಿದಿರುವುದಿಲ್ಲ. ನಾಳೆ ಪಾವಗಡದ ಮೇಲೆ ಮೋಡ ಕವಿಯುವುದೇ, ಚಿತ್ರದುರ್ಗ, ಗದಗಗಳಲ್ಲಿ ಗಾಳಿ ಬೀಸುವುದೇ ಎಂಬ ಮುನ್ನಂದಾಜಿಲ್ಲದೆ ಎಷ್ಟು ಉಳಿಸಬೇಕೆಂದು ತೀರ್ಮಾನಿಸಲಾಗದು. ಸಂಗ್ರಹಣೆಯ ನಿರ್ವಹಣೆ ಎಂದರೆ ಬಹುಪಾಲು ಈ ಉಳಿಸುವ ತೀರ್ಮಾನವೇ.

ಬ್ಯಾಟರಿಯಿಂದ ಆಗದ ಕೆಲಸವೂ ಒಂದಿದೆ. ಆಷಾಢದ ಗಾಳಿಯನ್ನು ಮಾರ್ಚಿಗೆ ಕೂಡಿಡಲು ಅದಕ್ಕೆ ಸಾಧ್ಯವಿಲ್ಲ. ಋತುವಿನಿಂದ ಋತುವಿಗೆ ಶಕ್ತಿಯನ್ನು ದಾಟಿಸುವುದು ಇಂದಿಗೂ ಲಿಂಗನಮಕ್ಕಿಯಂತಹ ಜಲಾಶಯಗಳೇ. 2023ರಲ್ಲಿ ಮಳೆ ಕೈಕೊಟ್ಟು, ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರವು ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ವಿದ್ಯುತ್ತನ್ನು ಹೊರಗೆ ಮಾರದಂತೆ ತಡೆಯಬೇಕಾಯಿತು.

ನಮ್ಮಲ್ಲಿ ಯಾವ ಯೋಜನೆಯ ಪಟ್ಟಿಯಲ್ಲೂ ಸಂಗ್ರಹಣೆ ಎಂದು ಎಣಿಸದ ಒಂದು ಸಂಗ್ರಹಣೆ ಈಗಾಗಲೇ ನಡೆದಿದೆ. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ನೀರಾವರಿ ಪಂಪ್‌ಸೆಟ್ಟುಗಳೇ ಕುಡಿಯುತ್ತವೆ. ಊರಿನಲ್ಲಿ ಅಣ್ಣನ ತೋಟಕ್ಕೆ ಮೊದಲೆಲ್ಲ ತ್ರೀ ಫೇಸ್ ಬರುತ್ತಿದ್ದುದು ನಡುರಾತ್ರಿಯಲ್ಲಿ. ಹಾವು, ಹಂದಿಗಳಿಗೆ ಹೆದರುತ್ತಾ ಟಾರ್ಚ್ ಹಿಡಿದು ಮೋಟಾರು ಹಾಕಲು ಹೋಗಬೇಕಿತ್ತು. ಸೌರ ವಿದ್ಯುತ್ತು ಹೆಚ್ಚಿದ ಮೇಲೆ ಆ ಹೊತ್ತು ಹಗಲಿಗೆ ಬಂದಿದೆ. 10 ಎಚ್‌ಪಿವರೆಗಿನ ಪಂಪಿಗೆ ವಿದ್ಯುತ್ತು ಉಚಿತವಾದ್ದರಿಂದ ಅವನಿಗೆ 15 ನಿಮಿಷದ ಬೆಲೆಗಳೂ ಗೊತ್ತಿಲ್ಲ, ಆವರ್ತನವೂ ಗೊತ್ತಿಲ್ಲ. ಮಧ್ಯಾಹ್ನ ಮೋಟಾರು ಹಾಕಿ ಕೃಷಿ ಹೊಂಡ ತುಂಬಿಸಿಕೊಳ್ಳುತ್ತಾನೆ. ಹೊಂಡ ದಿಬ್ಬದ ಮೇಲಿದೆ. ಪಾವಗಡದ ಉತ್ಪಾದನೆ ಸೊನ್ನೆಗೆ ಇಳಿಯುವ ಹೊತ್ತಿಗೆ ಗೇಟ್‌ವಾಲ್ವ್ ತಿರುಗಿಸುತ್ತಾನೆ, ಕೆಳಗಿನ ಅಡಿಕೆ ಸಾಲುಗಳಿಗೆ ನೀರು ತಾನಾಗಿ ಹರಿಯುತ್ತದೆ, ಮೋಟಾರು ಸುಮ್ಮನಿರುತ್ತದೆ.