ಅಯ್ಯಪ್ಪನಿಗೆ ಆಗುತ್ತೆ, ಬಾಣಂತಿಗೆ ಆಗಲ್ವಾ?

"ಬ್ಯಾಗಲ್ಲಿ ಪವರ್ ಬ್ಯಾಂಕ್, ಲೈಟರ್, ಕೊಬ್ಬರಿ ಏನಾದ್ರೂ ಇದೆಯಾ ಅಮ್ಮ?"

ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದಳು. ಎಲ್ಲರೂ ಇಲ್ಲ ಅಂತ ತಲೆಯಾಡಿಸಿ ಮುಂದೆ ಹೋಗುವ ಪ್ರಶ್ನೆ. ನಮ್ಮ ದೊಡ್ಡಮ್ಮ ಮಾತ್ರ, ಇಷ್ಟು ದೊಡ್ಡ ಏರ್‌ಪೋರ್ಟಿನಲ್ಲಿ ತನ್ನ ಕೊಬ್ಬರಿ ವಿಚಾರಿಸುವವರೂ ಸಿಕ್ಕರಲ್ಲ ಎಂಬ ಖುಷಿಯಲ್ಲಿ, "ಇದೆ ಕಣವ್ವ, ನಮ್ ತೋಟದ್ದೇ, ಮೂರು ಕೆಜಿ" ಅಂದುಬಿಟ್ಟಳು.

ಅಲ್ಲಿಗೆ ಮುಗಿಯಿತು. ಸೂಟ್‌ಕೇಸ್ ಬೆಲ್ಟಿನಿಂದ ಕೆಳಗಿಳಿಯಿತು. "ಅದು ಅಲೋ ಇಲ್ಲ ಅಮ್ಮ. ಲಗೇಜಲ್ಲೂ ಇಲ್ಲ, ಕೈಚೀಲದಲ್ಲೂ ಇಲ್ಲ."

ದೊಡ್ಡಮ್ಮನ ಮಗಳಿಗೆ ಪುಣೆಯಲ್ಲಿ ಹೆರಿಗೆಯಾಗಿ ಇನ್ನೂ ಪುರುಡು ಕಳೆದಿಲ್ಲ. ಅಂಟಿನುಂಡೆಗೆ ಅಂತ ಆರಿಸಿ ತಂದ ಉಂಡೆ ಕೊಬ್ಬರಿ ಅದು. ತಿಪಟೂರಿನ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಕಾಯಿ ಅಟ್ಟಕ್ಕೇರಿದರೆ ವರ್ಷ ತುಂಬುತ್ತಾ ಬರುವವರೆಗೂ ಇಳಿಯುವುದಿಲ್ಲ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಚಿಪ್ಪಿನಲ್ಲಿ ಗಡಗಡ ಅಂದ ಮೇಲೇ ಒಡೆಯುವುದು. ಅದನ್ನು ಹಳೇ ಪಂಚೆಯಲ್ಲಿ ಗಂಟು ಕಟ್ಟಿ, ಮಗುವಿನ ಕುಲಾವಿಗಳ ನಡುವೆ ಇಟ್ಟಿದ್ದಳು. ಗಂಟು ಬಿಚ್ಚಿದಾಗ ಕೌಂಟರಿನ ಸುತ್ತ ಬಂದ ವಾಸನೆಗೆ ಆ ಹುಡುಗಿಯೂ ಒಂದು ಗಳಿಗೆ ಕಣ್ಣೆತ್ತಿದಳು.

"ಯಾಕವ್ವ ಆಗಲ್ಲ?"

"ಎಣ್ಣೆ ಅಂಶ ಇರುತ್ತಲ್ಲ ಅಮ್ಮ, ಬೆಂಕಿ ಹತ್ತುತ್ತೆ."

"ನಮ್ ಅಟ್ಟದ ಮೇಲೆ ಸಾವಿರಗಟ್ಟಲೆ ಇದ್ದಾವೆ. ನಮ್ಮತ್ತೆ ಕಾಲದಿಂದ ಒಂದು ದಿನ ಹತ್ತಿಲ್ಲ."

ಹುಡುಗಿಯ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ಆಗ ಬಂತು ಆ ಮಾತು. "ಪಕ್ಕದ್ಮನೆ ಹುಡುಗ ಮಾಲೆ ಹಾಕ್ಕಂಡು ಇರುಮುಡಿ ಹೊತ್ಕಂಡೇ ಕೊಚ್ಚಿಗೆ ವಿಮಾನದಲ್ಲಿ ಹೋದ. ಅದ್ರಲ್ಲಿ ಕಾಯಿ ಇರ್ಲಿಲ್ವಾ? ಅಯ್ಯಪ್ಪನಿಗೆ ಆಗುತ್ತೆ, ಬಾಣಂತಿಗೆ ಆಗಲ್ವಾ?"

ಹಿಂದೆ ನಿಂತಿದ್ದ ಲ್ಯಾಪ್‌ಟಾಪ್ ಬ್ಯಾಗಿನವನೊಬ್ಬ "ರೂಲ್ಸ್ ಅಂದ್ರೆ ರೂಲ್ಸ್ ಆಂಟಿ, ಗೂಗಲ್ ಮಾಡ್ಕೊಂಡು ಬರ್ಬೇಕು" ಅಂದ. ಯಾರೂ ಕೇಳದೆ ಕಾನೂನು ಹೇಳುವ ಈ ಜಾತಿಯವರು ಎಲ್ಲ ಕ್ಯೂನಲ್ಲೂ ಒಬ್ಬೊಬ್ಬರು ಇರುತ್ತಾರೆ. ನನ್ನ ಗಂಡ ಇನ್ನೂ ಹೊರಗೇ ಇದ್ದರು, ಬಾಗಿಲ ಬಳಿಯಿದ್ದ ಕಾವಲಿನ ಪೇದೆ ದೊಡ್ಡ ಮನಸ್ಸು ಮಾಡಿದ, ಗಂಟು ಮನೆಗೆ ವಾಪಸ್ಸಾಯಿತು.

ವಾರವಿಡೀ ನನ್ನ ತಲೆಯಲ್ಲಿ ಅದೇ ಮಾತು ಸುತ್ತುತ್ತಿದೆ. ಯಾಕೆಂದರೆ ದೊಡ್ಡಮ್ಮ ಹೇಳಿದ್ದರಲ್ಲಿ ಸುಳ್ಳಿಲ್ಲ. 2022ರಲ್ಲಿ, ಮತ್ತೆ 2024ರಲ್ಲಿ ಶಬರಿಮಲೆ ಯಾತ್ರಿಕರಿಗೆ ಮಕರಜ್ಯೋತಿಯ ಯಾತ್ರಾ ಕಾಲ ಮುಗಿಯುವ ತನಕ, ಅಂದರೆ ಮರು ಜನವರಿ 20ರವರೆಗೆ, ಕ್ಯಾಬಿನ್ನಿನಲ್ಲೇ ಕಾಯಿ ಒಯ್ಯಲು ವಿನಾಯಿತಿ ಸಿಕ್ಕಿತ್ತು. ಅದೂ ಇರುಮುಡಿಯ ಕಾಯಿ, ಒಳಗೆ ತುಪ್ಪ ತುಂಬುವಂಥದ್ದು! ಎಕ್ಸ್‌ರೇ ಆಗಬೇಕು, ಸ್ಫೋಟಕ ಪತ್ತೆ ಯಂತ್ರಕ್ಕೆ ತೋರಿಸಬೇಕು, ಕೈಯಿಂದಲೂ ತಪಾಸಣೆಯಾಗಬೇಕು ಎಂಬ ಷರತ್ತಿತ್ತು. ಹಾಗಾದರೆ ನೋಡಿ ಬಿಡುವುದು ಸಾಧ್ಯವಿದೆ ಅಂತಾಯಿತಲ್ಲ. ಮಂಡಲ ಪೂಜೆಗೆ ಕ್ಯಾಲೆಂಡರ್ ಇದೆ, ಕೇಳುವವರ ದೊಡ್ಡ ಗುಂಪಿದೆ. ಬಾಣಂತನಕ್ಕೆ ಎರಡೂ ಇಲ್ಲ.

ನಿಯಮಗಳೇ ಬೇಡ ಎನ್ನುವವಳಲ್ಲ ನಾನು. ಒಂದೊಂದರ ಹಿಂದೆಯೂ ಒಂದೊಂದು ಕೆಟ್ಟ ದಿನವಿದೆ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನ ಅಪಹರಣವಾಗಿ ಕಂದಹಾರ್ ಸೇರಿದ ಮೇಲೆ ನಮ್ಮ ಏರ್‌ಪೋರ್ಟುಗಳ ಕಾವಲು ಕೇಂದ್ರದ ಸಿಐಎಸ್‌ಎಫ್ ಪಡೆಯ ಕೈಗೆ ಬಂತು. 2001ರಲ್ಲಿ ಪ್ಯಾರಿಸ್ಸಿನಿಂದ ಮಯಾಮಿಗೆ ಹಾರುತ್ತಿದ್ದಾಗ ಒಬ್ಬ ಬಾಂಬಿಟ್ಟಿದ್ದ ತನ್ನ ಶೂಗೇ ಕಡ್ಡಿ ಗೀರಲು ಹೋದ. ಅವನ ದೆಸೆಯಿಂದ ಅಮೆರಿಕದಲ್ಲಿ ಪ್ರಯಾಣಿಕರು ವರ್ಷಾನುಗಟ್ಟಲೆ ಬರಿಗಾಲಲ್ಲಿ ಸಾಲು ನಿಂತರು. ಅದು ನಿಂತಿದ್ದು 2025ರ ಜುಲೈನಲ್ಲಿ. ಕೈಚೀಲದ ದ್ರವಕ್ಕೆ 100 ಮಿಲಿಲೀಟರ್ ಲೆಕ್ಕ ಶುರುವಾಗಿದ್ದು 2006ರ ಲಂಡನ್ನಿನ ದ್ರವ ಬಾಂಬ್ ಸಂಚಿನಿಂದ. ಕೊಬ್ಬರಿಯದು ಮಾತ್ರ ಬೇರೆ ಕಥೆ. ಅದರಲ್ಲಿ ಭಯೋತ್ಪಾದಕರಿಲ್ಲ, ಬರೀ ರಸಾಯನಶಾಸ್ತ್ರ. ತೇವ ಉಳಿದ ಕೊಬ್ಬರಿಯನ್ನು ಗಾಳಿಯಾಡದಂತೆ ಒತ್ತಿ ತುಂಬಿದರೆ ಒಳಗೊಳಗೇ ಕಾವೇರುತ್ತದೆ, ಅತಿಯಾದರೆ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳಬಹುದು. ಅದಕ್ಕೇ ಅಪಾಯಕಾರಿ ಸರಕುಗಳ ವಿಶ್ವಸಂಸ್ಥೆ ಪಟ್ಟಿಯಲ್ಲಿ ಕೊಬ್ಬರಿಗೂ ಒಂದು ನಂಬರಿದೆ, 1363. ಹಡಗಿನವರಿಗೂ ವಿಮಾನದವರಿಗೂ ಅದೇ ನಂಬರು. ಹಾರುವ ವಿಮಾನದ ಹೊಟ್ಟೆಯಲ್ಲಿ ಹೊಗೆಯೆದ್ದರೆ ಇಳಿದು ನೋಡಲಾಗುತ್ತದೆಯೇ?

ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು. ಆ ಹುಡುಗಿಗೆ ಅದನ್ನು ಕಲಿಸಿಲ್ಲ, ಕೇಳಬೇಕಾದ ಪಟ್ಟಿಯನ್ನಷ್ಟೇ ಕಲಿಸಿದ್ದಾರೆ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ವಿಚಿತ್ರವೆಂದರೆ ಸೆಕ್ಯುರಿಟಿಯಲ್ಲಿ ದೊಡ್ಡಮ್ಮ ಗಲಾಟೆ ಮಾಡುತ್ತಾಳೇನೋ ಅಂತ ನಾನು ಹೆದರಿದ್ದರೆ, ಅಲ್ಲಿ ತಣ್ಣಗಿದ್ದಳು. ಪರದೆಯ ಹಿಂದೆ ಉತ್ತರದ ಕಡೆಯ ಒಬ್ಬಳು ಕಾವಲಿನ ಪೇದೆ. ಕೈಯಲ್ಲಿನ ಯಂತ್ರ ಬಳೆಯ ಹತ್ತಿರ ಕುಂಯ್ ಅಂತು. ಮದುವೆಯಲ್ಲಿ ತೊಟ್ಟ ಬಳೆ, ಈಗ ಮುಂಗೈ ದಾಟಿ ಬರುವುದಿಲ್ಲ. ಆಕೆ ಬಳೆಯನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ತಾಳಿ ಸರವನ್ನು ಎರಡು ಬೆರಳಲ್ಲಿ ಎತ್ತಿ, ಮತ್ತೆ ಸೆರಗಿನೊಳಗೆ ತಾನೇ ಸೇರಿಸಿ, "ಜಾಯಿಯೇ ಮಾಂಜಿ" (ಹೋಗಿ ಅಮ್ಮ) ಅಂತ ಹಿಂದಿಯಲ್ಲಿ ಅಂದಳು. ಭಾಷೆ ಬಾರದ ಇಬ್ಬರೂ ನಕ್ಕರು.

"ಇವಳು ಮುಟ್ಟಿ ನೋಡಿದ್ಲು, ಬಿಟ್ಲು. ಅವಳು ನೋಡ್ದೇನೇ ಬೇಡ ಅಂದ್ಲು" ಅಂತ ದೊಡ್ಡಮ್ಮ ವಿಮಾನ ಹತ್ತುವವರೆಗೂ ಹೇಳುತ್ತಿದ್ದಳು. ಭದ್ರತೆಯ ಬಗ್ಗೆ ದೊಡ್ಡದೊಡ್ಡವರು ಬರೆದದ್ದರಲ್ಲೂ ಇಷ್ಟು ನೇರವಾದ ಮಾತು ನಾನು ಓದಿಲ್ಲ.

ಪುಣೆಯಲ್ಲಿ ರಾತ್ರಿ ಊಟವಾದ ಮೇಲೆ ತೇವ, ಕಾವು ಎಲ್ಲ ವಿವರಿಸಿದೆ. ತಕರಾರು ತೆಗೆಯುತ್ತಾಳೆ ಅಂದುಕೊಂಡರೆ, "ಅದು ನಂಗೊತ್ತಿಲ್ವೇನೇ? ಸರಿಯಾಗಿ ಒಣಗದ ಕೊಬ್ಬರಿನ ಚೀಲದಲ್ಲಿ ಬಿಗಿಯಾಗಿ ಕಟ್ಟಿಟ್ಟು ಕೈ ಹಾಕಿ ನೋಡು, ಬೆಚ್ಚಗಿರುತ್ತೆ. ಹಂಗಂತ ಹೇಳಿದ್ರೆ ನಾನೇ ಈಚೆ ತೆಗೀತಿದ್ದೆ" ಅಂದಳು. ಆಮೇಲೆ ನನ್ನ ಗಂಡನಿಗೆ ಫೋನ್ ಹಚ್ಚಿಸಿದಳು.

"ಅಳಿಯಂದ್ರೇ, ಆ ಗಂಟು ಬಿಚ್ಚಿ ಮೊರದಲ್ಲಿ ಹರವಿ. ಎರಡು ಬಿಸಿಲು ಕಾಣ್ಲಿ. ಆಮೇಲೆ ಪುಣೆ ಬಸ್ಸಿಗೆ ಪಾರ್ಸಲ್ ಹಾಕಿ. ಬಸ್ಸಿನೋರು ಏನಿದೆ ಅಂತ ಕೇಳಿದ್ರೆ ಕುಲಾವಿ ಅನ್ನಿ."