ಒಂಟೆಯಿಲ್ಲದೆ ಯಾರಿಗಾಗಿ ಹಾಡಲಿ?

ಗೋಬಿ ಮರುಭೂಮಿಯಲ್ಲಿ ಒಂಟೆಗಳು ಮರಿ ಹಾಕುವುದು ವಸಂತದಲ್ಲಿ. ಅದಕ್ಕಾಗಿಯೇ ಏಪ್ರಿಲ್ ತಿಂಗಳನ್ನು ಆರಿಸಿಕೊಂಡು ಮಂಗೋಲಿಯಾಕ್ಕೆ ಹೋಗಿದ್ದೆ. ಮರಿಯನ್ನು ಹತ್ತಿರ ಸೇರಿಸದ ತಾಯಿ ಒಂಟೆಯನ್ನು ಹಾಡಿ ಒಲಿಸುವ ಪದ್ಧತಿಯೊಂದು ಅಲ್ಲಿದೆ. ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಯುನೆಸ್ಕೋ ಅದನ್ನು 2015ರಲ್ಲಿ ಸೇರಿಸಿತು. ಪಶುಪಾಲಕರ ಹಾಡುಗಳನ್ನು ಧ್ವನಿಮುದ್ರಿಸಿ ಕೂಡಿಡುವುದು ನನ್ನ ಬಹುಕಾಲದ ಕೆಲಸ. ಇದೊಂದನ್ನು ಕೇಳದೆ ಇರಲಾರೆ ಅನ್ನಿಸಿತ್ತು.

ರಾಜಧಾನಿ ಉಲಾನ್‌ಬಾತರ್‌ನಲ್ಲಿ ನಾಲ್ಕು ದಿನ ಇದ್ದೆ. ಅಲೆಮಾರಿ ನಾಗರಿಕತೆಗಳ ಅಧ್ಯಯನಕ್ಕೆಂದೇ ಯುನೆಸ್ಕೋ ಆಶ್ರಯದಲ್ಲಿ 1998ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆ ಇರುವುದು ಇದೇ ಊರಿನಲ್ಲಿ. ವಸ್ತುಸಂಗ್ರಹಾಲಯ ನೋಡಿದೆ, ರಂಗಮಂದಿರದಲ್ಲಿ ಒಂದೇ ಗಂಟಲಿನಿಂದ ಎರಡು ಸ್ವರ ಹೊರಡಿಸುವ ಖೋಮಿ ಗಾಯನ ಕೇಳಿದೆ. ಆದರೆ ಮನಸ್ಸಿನಲ್ಲಿ ಉಳಿದದ್ದು ಊರಂಚಿನ ಗುಡ್ಡಗಳು. ಹಲಗೆ ಬೇಲಿಗಳ ನಡುವೆ ಸಾಲುಸಾಲು ಗೆರ್‌ಗಳು (ಅಲೆಮಾರಿಗಳ ದುಂಡನೆಯ ಗುಡಾರಮನೆಗಳು), ಒಂದೊಂದರಿಂದಲೂ ಏಳುವ ಕಲ್ಲಿದ್ದಲ ಹೊಗೆ. ಹಿಮಗಟ್ಟಿ ಮೇವು ಸಿಗದೆ ಹಿಂಡುಹಿಂಡೇ ಸಾಯುವ ಕಡುಚಳಿಗೆ ಮಂಗೋಲಿಯಾದವರು ‘ಜುದ್’ ಎನ್ನುತ್ತಾರೆ. 2009–10ರ ಜುದ್‌ನಲ್ಲಿ ದೇಶದ 75 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಹಾಗೆ ಎಲ್ಲವನ್ನೂ ಕಳೆದುಕೊಂಡು ಬಂದ ಎಷ್ಟೋ ಕುಟುಂಬಗಳು ಈ ಗುಡ್ಡಗಳಲ್ಲಿ ನೆಲೆಯೂರಿವೆ. ಗೆರ್ ಅದೇ, ಒಳಗಿನ ಜನರೂ ಅವರೇ. ಬಾಗಿಲು ತೆರೆದರೆ ಎದುರಿಗೆ ಹಿಂಡಿಲ್ಲ.

ದಕ್ಷಿಣಕ್ಕೆ ಗೋಬಿಯ ಪಟ್ಟಣ ದಲನ್‌ಜದ್‌ಗದ್‌ವರೆಗೆ ಐನೂರು ಕಿಲೋಮೀಟರಿಗೂ ಮಿಕ್ಕಿದ ಡಾಂಬರು ರಸ್ತೆ. ಅಲ್ಲಿಂದಾಚೆ ನೆಲದ ಮೇಲೆ ಚಕ್ರದ ಗುರುತುಗಳಷ್ಟೇ. ನನ್ನ ಜೊತೆಗಿದ್ದ ದುಭಾಷಿ ಹುಡುಗ ಬೆಟ್ಟದ ಏಣುಗಳನ್ನು ನೋಡಿಯೇ ದಾರಿ ಹೇಳುತ್ತಿದ್ದ. ಸಂಜೆಗೆ ಒಂದು ಬಿಳಿಯ ಗೆರ್ ಕಂಡಿತು. ಪಕ್ಕದಲ್ಲಿ ಮೋಟಾರ್‌ಸೈಕಲ್, ಆಚೆಗೆ ಮೂವತ್ತು ನಲವತ್ತು ಒಂಟೆಗಳು.

ಹೊಸ್ತಿಲು ತುಳಿಯದೆ ಒಳಹೋಗಿ, ಆ ಮನೆಯ ಸೊಸೆ ಕೊಟ್ಟ ಉಪ್ಪು ಹಾಕಿದ ಹಾಲಿನ ಚಹಾವನ್ನು ಬಲಗೈಯಲ್ಲಿ ತೆಗೆದುಕೊಂಡೆ. ಗೆರ್ ಬಗ್ಗೆ ಓದಿದ್ದು ಬೇರೆ, ಒಳಗೆ ಕೂತು ನೋಡುವುದೇ ಬೇರೆ. ಮಡಚಿ ಒಂಟೆಯ ಮೇಲೆ ಹೇರಬಹುದಾದ ಮರದ ಜಾಲರಿಯೇ ಗೋಡೆ. ಅದರ ಮೇಲೆ ಕುರಿಯ ಉಣ್ಣೆಯನ್ನು ನೆನೆಸಿ ಉರುಳಿಸಿ ಮಾಡಿದ ದಪ್ಪ ಹೊದಿಕೆ. ಬಾಗಿಲು ದಕ್ಷಿಣಕ್ಕೆ. ನೆತ್ತಿಯ ದುಂಡು ಕಿಂಡಿ ‘ತೋನೊ’ದಿಂದ ಇಳಿಯುವ ಬಿಸಿಲು ಬೆಳಿಗ್ಗೆ ಪಡುವಣ ಗೋಡೆಯ ಮೇಲಿದ್ದು, ಹೊತ್ತೇರಿದಂತೆ ಉತ್ತರದ ಕಡೆಯಿಂದ ಬಳಸಿಕೊಂಡು ಮೂಡಣಕ್ಕೆ ಸರಿಯುತ್ತದೆ. ಮನೆಯ ಹಿರಿಯಳಾದ ಅಜ್ಜಿ ಗಡಿಯಾರ ನೋಡಿದ್ದನ್ನು ನಾನು ಕಾಣಲಿಲ್ಲ. ಬಿಸಿಲು ಯಾವ ಕೋಲಿನ ಮೇಲಿದೆ ಎಂದು ನೋಡಿ ಹಾಲು ಕರೆಯಲು ಏಳುತ್ತಿದ್ದರು.

ಮೊದಲ ರಾತ್ರಿಯೇ ನಾನು ತಪ್ಪು ಮಾಡಿದೆ. ಮೈಕ್ ಜೋಡಿಸಿಟ್ಟು, ಒಂಟೆ ಒಲಿಸುವ ಹಾಡನ್ನು ಹೇಳಿ ಎಂದು ಅಜ್ಜಿಯನ್ನು ಕೇಳಿಕೊಂಡೆ. ಅವರು ಮೈಕನ್ನೂ ನನ್ನನ್ನೂ ನೋಡಿದರು. “ಒಂಟೆಯಿಲ್ಲದೆ ಯಾರಿಗಾಗಿ ಹಾಡಲಿ, ಮಗಳೇ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. ನನ್ನ ಬಳಿ ಉತ್ತರವಿರಲಿಲ್ಲ. ಮೈಕನ್ನು ಚೀಲಕ್ಕೆ ಹಾಕಿದೆ.

ಮೂರನೆಯ ದಿನ ಬೆಳಗಿನ ಜಾವ ಚೊಚ್ಚಲ ಒಂಟೆಯೊಂದು ಮರಿ ಹಾಕಿತು. ಹೆರಿಗೆ ಕಷ್ಟವಾಗಿತ್ತು. ಮರಿ ತಡವರಿಸುತ್ತ ಕೆಚ್ಚಲಿಗೆ ಬಾಯಿ ಹಾಕಲು ಬಂದರೆ ತಾಯಿ ಒದ್ದು ದೂರ ಸರಿಯುತ್ತಿತ್ತು. ಮಧ್ಯಾಹ್ನದವರೆಗೂ ಅದೇ ಪಾಡು. ಹೊತ್ತು ಮುಳುಗುವ ವೇಳೆಗೆ ತಾಯಿಯನ್ನೂ ಮರಿಯನ್ನೂ ಹತ್ತಿರ ಹತ್ತಿರ ಕಟ್ಟಿದರು. ಅಜ್ಜಿಯ ಮಗ ಕುದುರೆಮುಖದ ಎರಡು ತಂತಿಯ ವಾದ್ಯ ಮೊರಿನ್ ಖೂರ್ ತಂದು, ಅದಕ್ಕೆ ನೀಲಿ ರೇಷ್ಮೆಯ ಪಟ್ಟಿ ಕಟ್ಟಿ, ಒಂಟೆಯ ಮುಂದಿನ ಡುಬ್ಬಕ್ಕೆ ನೇತುಹಾಕಿದ. ಯಾರೂ ನುಡಿಸಲಿಲ್ಲ. ಗಾಳಿಯೇ ಕುದುರೆಗೂದಲಿನ ತಂತಿಗಳನ್ನು ಸವರಿ ಸಣ್ಣಗೆ ಗುನುಗಿಸಿತು. ಆಮೇಲೆ ಅದನ್ನು ಇಳಿಸಿಕೊಂಡು ಕಮಾನು ಎಳೆಯತೊಡಗಿದ. ಅಜ್ಜಿ ಒಂಟೆಯ ಪಕ್ಕೆಗೆ ಅಂಗೈ ಇಟ್ಟು, ಕೂದಲನ್ನು ನೀವುತ್ತ, “ಖೂಸ್, ಖೂಸ್, ಖೂಸ್” ಎಂದು ಆರಂಭಿಸಿದರು.

ನನ್ನ ಕನ್ನಡದ ಕಿವಿಗೆ ಅದು ‘ಕೂಸು, ಕೂಸು’ ಎಂದೇ ಕೇಳಿಸಿತು. ಎರಡು ಮಾತಿಗೂ ಯಾವ ನಂಟೂ ಇಲ್ಲವೆಂದು ಗೊತ್ತಿದ್ದರೂ ಮೈ ಜುಮ್ಮೆಂದಿತು.

ಎಷ್ಟು ಹೊತ್ತಾಯಿತೋ. ಒಂಟೆ ಒದರುವುದನ್ನು ನಿಲ್ಲಿಸಿತು. ಕತ್ತು ತಗ್ಗಿಸಿ ಮರಿಯನ್ನು ಮೂಸಿತು. ಅದರ ಕಣ್ಣಂಚಿನಿಂದ ನೀರು ಹರಿದು ಮುಖದ ಕೂದಲು ತೊಯ್ದದ್ದನ್ನು ನಾನು ಮೂರು ಮಾರು ದೂರದಿಂದ ಕಂಡೆ. ಮರಿಯ ಬಾಯಿ ತಾಕಿತು, ತಾಯಿ ಸೊರ ಬಿಟ್ಟಿತು. ಅಜ್ಜಿ ಮಾತ್ರ ಹಾಡು ನಿಲ್ಲಿಸಲಿಲ್ಲ; ಮರಿ ಹೊಟ್ಟೆ ತುಂಬಿ ತಾನಾಗಿ ಬಾಯಿ ಬಿಡುವವರೆಗೂ ದನಿ ತಗ್ಗಿಸಿಕೊಂಡು ಹಾಡುತ್ತಲೇ ಇದ್ದರು.

ಅಜ್ಜಿ ಹಾಡುವಾಗ ಮೈಕ್ ಹೊರತೆಗೆದು ಮುದ್ರಿಸಿಕೊಂಡಿದ್ದೆ. ರಾತ್ರಿ ಆ ಧ್ವನಿಮುದ್ರಿಕೆಯನ್ನು ಅವರಿಗೆ ಕೇಳಿಸಿದೆ. ಗಾಳಿಯ ಸದ್ದು ತುಂಬಿಕೊಂಡಿದೆ ಎಂದು ನನಗೆ ಬೇಸರವಾಗಿತ್ತು. ಅಜ್ಜಿಗೆ ಅದು ತೊಂದರೆಯೇ ಆಗಲಿಲ್ಲ. ಅವರು ಕೇಳುತ್ತಿದ್ದುದು ತಮ್ಮ ಹಾಡನ್ನಲ್ಲ, ಒಂಟೆಯ ಉಸಿರನ್ನು. “ಇಲ್ಲಿ ನಿಲ್ಲಿಸು” ಎಂದರು. “ಇಲ್ಲಿ ಅದು ಕಿವಿ ಹಿಂದಕ್ಕೆ ಒತ್ತಿತು, ಹೆದರಿತ್ತು. ಅದಕ್ಕೇ ದನಿ ಇಳಿಸಿದೆ.” ಇನ್ನೊಂದು ಕಡೆ, “ಇಲ್ಲಿ ಮೂಸಿತು, ರಾಗ ಬದಲಿಸಿದೆ.” ಹೀಗೆ ಹನ್ನೊಂದು ಕಡೆ ನಿಲ್ಲಿಸಿದರು. ನಿಮಿಷ, ಸೆಕೆಂಡುಗಳ ಎದುರು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಇಷ್ಟು ವರ್ಷ ನಾನು ತುಂಬುತ್ತ ಬಂದ ನಮೂನೆಯಲ್ಲಿ ಹಾಡಿದವರ ವಯಸ್ಸು, ಸ್ಥಳ, ಅವಧಿ, ಸಾಹಿತ್ಯ ಎಲ್ಲಕ್ಕೂ ಜಾಗವಿತ್ತು. ಹಾಡನ್ನು ಕೇಳಿಸಿಕೊಂಡ ಪ್ರಾಣಿಗೆ ಇರಲಿಲ್ಲ. ಅದಿಲ್ಲದೆ ಉಳಿಸಿಟ್ಟದ್ದರಲ್ಲಿ ಹಾಡು ಯಾಕೆ ಹಾಗೆ ತಿರುಗಿತು ಎಂಬುದೇ ಇರುವುದಿಲ್ಲ. ಆ ನಮೂನೆಯನ್ನು ಈಗ ಬದಲಿಸಿದ್ದೇನೆ.

ಹೊರಡುವ ದಿನ ಸೊಸೆಯ ಮೊಬೈಲಿಗೆ ಇಡೀ ಧ್ವನಿಮುದ್ರಿಕೆ ಹಾಕಿಕೊಟ್ಟೆ. ಅವಳ ಮಗಳಿಗೆ ಹನ್ನೆರಡು ವರ್ಷ, ತಾಲ್ಲೂಕಿನಂತಹ ಸುಮ್ ಕೇಂದ್ರದ ವಸತಿ ಶಾಲೆಯಲ್ಲಿ ಓದುತ್ತಾಳೆ. “ಕೇಳಿ ಕಲಿಯಲಿ” ಎಂದೆ. ಅಜ್ಜಿ ತಲೆಯಾಡಿಸಿದರು. “ಕೇಳಲಿ. ಆದರೆ ಕೈ ಒಂಟೆಯ ಮೇಲಿರಬೇಕಲ್ಲ. ಬರುವ ವಸಂತಕ್ಕೆ ಅವಳನ್ನು ಕರೆಸಿ.”

ಶಾಲೆಗೆ ದೊಡ್ಡ ರಜೆ ಬರುವುದು ಬೇಸಿಗೆಯಲ್ಲಿ. ಸೊಸೆ ಜಾಲರಿಗೆ ಸಿಕ್ಕಿಸಿದ್ದ ಕ್ಯಾಲೆಂಡರ್ ತೆಗೆದು ಮಾರ್ಚ್, ಏಪ್ರಿಲ್ ಹಾಳೆಗಳನ್ನು ತಿರುವಿ ಹಾಕುತ್ತ, ಎಷ್ಟು ದಿನ ರಜೆ ಕೇಳಬಹುದೆಂದು ಬೆರಳಿನಲ್ಲಿ ಎಣಿಸತೊಡಗಿದಳು.