ಗರಸು ನೆಲಕ್ಕೆ ಕೆರೆ ಗೋಡು ಹೊಡೆಸಿ ಒಂದು ವರ್ಷ ಕಳ್ಕೊಂಡೆ

ಚಿತ್ರದುರ್ಗದ ಹತ್ರ ಒಂದು ಕ್ಯಾಂಪಸ್‌ನಲ್ಲಿ ಗಾರ್ಡನ್ ನೋಡ್ಕೊಳ್ಳೋ ಕೆಲಸ ನಂದು. ಕಟ್ಟಡ ಮುಗಿದ ಮೇಲೆ ಹಿಂದ್ಗಡೆ ಅರ್ಧ ಎಕರೆಯಷ್ಟು ಇಳಿಜಾರು ಜಾಗ ಉಳೀತು, ಬರೀ ಗರಸು, ಅಂದ್ರೆ ಸಣ್ಣ ಕಲ್ಲು ಬೆರೆತ ಒರಟು ಮಣ್ಣು, ಜೆಸಿಬಿ ಲಾರಿ ಓಡಾಡಿ ಓಡಾಡಿ ಪಿಕಾಸಿ ಹಾಕಿದ್ರೆ ಕಿಡಿ ಹಾರೋ ಅಷ್ಟು ಗಟ್ಟಿಯಾಗಿತ್ತು. ಎಲ್ಲರೂ ಲಾನ್ ಹಾಕ್ಸಿ ಅಂದ್ರು. ಟ್ಯಾಂಕರ್ ನೀರಲ್ಲಿ ಲಾನ್ ಸಾಕೋ ಸೀಮೆ ಅಲ್ಲ ನಮ್ದು, ಜೋಗಿಮಟ್ಟಿ ಬುಡದಲ್ಲಿ ಯಾರೂ ನೀರು ಹಾಕದೇ ಬೆಳೆಯೋ ಹುಲ್ಲು, ತಂಗಡಿ, ತುಂಬೆ, ವಿಷ್ಣುಕ್ರಾಂತಿ ಇವನ್ನೇ ಬೆಳೆಸೋಣ ಅಂತ ನಾನೇ ಹಠ ಮಾಡಿ ಒಪ್ಪಿಸ್ದೆ.

ಒಪ್ಪಿಸಿದ್ದು ಸರಿ, ಶುರು ಮಾಡಿದ್ದು ತಪ್ಪು. ನಾನು ರೈತರ ಮನೆಯವನು, ಬೇಸಿಗೆ ಬಂತು ಅಂದ್ರೆ ಹೊಲಕ್ಕೆ ಕೆರೆ ಗೋಡು, ಅಂದ್ರೆ ಕೆರೆ ತಳದ ಹೂಳು ಮಣ್ಣು, ಹೊಡೆಯೋದು ನೋಡ್ಕೊಂಡೇ ಬೆಳ್ದಿದ್ದು, ನೆಲ ಸತ್ತಿದೆ ಅಂದ್ರೆ ಗೋಡು, ಕೊಟ್ಟಿಗೆ ಗೊಬ್ಬರ ಹಾಕ್ಬೇಕು ಅನ್ನೋದು ಬಿಟ್ಟು ಬೇರೆ ಯೋಚನೆನೇ ಬರ್ಲಿಲ್ಲ. ಟ್ರಾಕ್ಟರ್‌ಗಟ್ಟಲೆ ಗೋಡು ಹೊಡೆಸಿ, ಮೇಲೆ ಗೊಬ್ಬರ ಹರಡಿ, ಮೃಗಶಿರ ಮಳೆಗೆ ಬೀಜ ಚೆಲ್ಲಿದ್ವಿ. ಹದಿನೈದು ದಿನಕ್ಕೆ ಜಾಗ ಹಸಿರೋ ಹಸಿರು. ತಿಂಗಳು ಕಳೆಯೋದ್ರೊಳಗೆ ಗೊತ್ತಾಯ್ತು, ಅಷ್ಟೂ ಪಾರ್ಥೇನಿಯಂ ಮತ್ತೆ ಜೇಕು ಅನ್ನೋ ಗಡ್ಡೆ ಕಳೆ. ಜೇಕಿನ ಗಡ್ಡೆ ಗೋಡಿನ ಜೊತೆಗೇ ಬಂದಿತ್ತು. ನಾವು ಬಿತ್ತಿದ ಹುಲ್ಲು ಅದರ ನೆರಳಲ್ಲಿ ನೂಲಿನಷ್ಟು ಸಣ್ಣಗೆ ಎದ್ದು ಹಳದಿ ತಿರುಗ್ತು. ಪಾರ್ಥೇನಿಯಂ ತಿನ್ನೋ ದುಂಬಿ, ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಲ್ಲಿ ಬಿಟ್ಟಿದ್ದು, ನಮ್ಮಲ್ಲೂ ಬಂತು, ಎಲೆ ಜರಡಿ ಮಾಡ್ತು, ಆದ್ರೆ ಅಷ್ಟೊತ್ತಿಗೆ ಗಿಡ ಹೂ ಬಿಟ್ಟಾಗಿತ್ತು.

ಪಕ್ಕದ ಬೀಳಲ್ಲಿ ಕುರಿ ಮೇಯಿಸೋ ಅಜ್ಜ ಒಬ್ರು ಬೇಲಿ ಹತ್ರ ನಿಂತು ನೋಡಿ ಹೇಳಿದ್ರು, "ಗೋಡು ಹಾಕಿದ್ರೆ ಜೋಳ ಬರ್ತೈತೆ ಕಣಪ್ಪಾ, ಕಾವಲು ಹುಲ್ಲು ಬರಾಕಿಲ್ಲ. ಅದಕ್ಕೆ ಬಡ ನೆಲಾನೇ ಬೇಕು." ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಚಳ್ಳಕೆರೆ ಕಡೆ ಅಮೃತಮಹಲ್ ಕಾವಲು, ಅಂದ್ರೆ ಆ ತಳಿ ದನ ಮೇಯೋಕೆ ಬಿಟ್ಟ ಹುಲ್ಲುಗಾವಲು, ನೋಡಿದೋನು ನಾನು, ಅಲ್ಲಿ ಯಾರು ಗೊಬ್ಬರ ಹಾಕಿದ್ರು? ಈ ಹುಲ್ಲು ಮೊದ್ಲು ಬೇರು ಇಳಿಸ್ತದೆ, ಮೇಲೆ ನಿಧಾನ. ಕಳೆ ಹಂಗಲ್ಲ, ಸಾರ ಸಿಕ್ಕಿದ ಕೂಡ್ಲೇ ಎದ್ದು ಬಿಸಿಲು ಮುಚ್ಚಿಬಿಡ್ತದೆ. ಸಾರ ಇಲ್ಲದ ಗರಸಲ್ಲಿ ಅದರ ಆಟ ನಡೆಯಲ್ಲ. ಅಂದ್ರೆ ನಮಗೆ ಸಿಕ್ಕಿದ್ದ ನೆಲನೇ ಸರಿ ಇತ್ತು, ಗಟ್ಟಿಯಾಗಿತ್ತು ಅನ್ನೋದೊಂದು ಬಿಟ್ರೆ.

ಎರಡನೇ ವರ್ಷ ಮುಕ್ಕಾಲು ಜಾಗದ ಗೋಡು ಕೆರೆಸಿ ತೆಗೆಸ್ದೆ. ಬೈಸ್ಕೊಂಡೆ, ದುಡ್ಡು ಎರಡು ಸಲ ಖರ್ಚಾಯ್ತು ಅಂತ, ಅದು ನ್ಯಾಯವೇ. ಆಮೇಲೆ ಇಳಿಜಾರಿಗೆ ಅಡ್ಡಡ್ಡ ಟ್ರಾಕ್ಟರ್ ಕಲ್ಟಿವೇಟರ್ ಹೊಡೆಸಿ ಗಟ್ಟಿ ಬಿಡಿಸಿದ್ವಿ, ಅಲ್ಲೇ ಸಿಕ್ಕ ಕಲ್ಲು ಸಾಲಾಗಿ ಇಟ್ವಿ, ನೀರು ನಿಂತು ಇಂಗ್ಲಿ ಅಂತ. ಬೇರೆ ಏನೂ ಹಾಕ್ಲಿಲ್ಲ.

ಬೀಜದ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಕಲಿಯೋಕೆ ಟೈಮ್ ಹಿಡಿದಿದ್ದು ಅದೇ. ಅಂಜನ ಹುಲ್ಲಿನ ಬೀಜ ಕೊಯ್ದ ಕೂಡ್ಲೇ ಬಿತ್ತಿದ್ರೆ ಸರಿಯಾಗಿ ಹುಟ್ಟಲ್ಲ, ಒಣ ಜಾಗದಲ್ಲಿ ಆರು ತಿಂಗಳಾದ್ರೂ ಮಲಗಬೇಕು, ಅದಕ್ಕೇ ಚಳಿಗಾಲಕ್ಕೆ ಮುಂಚೆ ಪರಿಚಯದ ರೈತರನ್ನ ಕೇಳಿ ಅವರ ಬದುವಿಂದ ಕೊಯ್ದು ಮುಂದಿನ ಮಳೆಗಾಲದವರೆಗೆ ಚೀಲದಲ್ಲಿಟ್ವಿ. ಬೀಜದ ಮೈ ತುಂಬ ನೂಲು ನೂಲು, ಕೂರಿಗೆಯಲ್ಲಿ ಇಳಿಯಲ್ಲ, ಗಾಳಿಗೆ ಹಾರ್ತದೆ, ಇರುವೆ ಬೇರೆ ಹೊತ್ಕೊಂಡು ಹೋಗ್ತವೆ. ಕೆಮ್ಮಣ್ಣು, ಮರಳು, ಒಂಚೂರು ಸಗಣಿ ಕಲಸಿ ಕಡ್ಲೆ ಗಾತ್ರದ ಉಂಡೆ ಮಾಡಿ ನೆರಳಲ್ಲಿ ಒಣಗಿಸಿ ಚೆಲ್ಲಿದ್ವಿ. ಊಬಿನ ಹುಲ್ಲಿಗೆ ಅದೂ ಬೇಡ. ಪಂಚೆಗೆ ಚುಚ್ಕೊಳ್ಳೋ ಆ ಊಬು ತೇವ ತಾಗಿದ್ರೆ ತಾನೇ ತಿರುಗಿ ಬೀಜಾನ ಮಣ್ಣೊಳಗೆ ಇಳಿಸ್ತದೆ, ಅಂಗೈ ಮೇಲಿಟ್ಟು ಒಂದು ಹನಿ ನೀರು ಬಿಟ್ಟು ನೋಡಿ, ನಾನಂತೂ ಎಷ್ಟು ಸಲ ನೋಡಿದೀನೋ. ತಂಗಡಿ ಬೀಜದ ಸಿಪ್ಪೆ ಗಟ್ಟಿ, ಕುದಿಸಿ ಇಳಿಸಿದ ನೀರಲ್ಲಿ ರಾತ್ರಿ ನೆನೆಹಾಕಿದ್ವಿ.

ಜೂನ್ ಮಳೆ ನಂಬ್ಲಿಲ್ಲ. ನಮ್ಮಲ್ಲಿ ಜಾಸ್ತಿ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. ಮುಂಗಾರಿಗೆ ಹುಟ್ಟಿದ ಕಳೆ ಒಂದು ಸಲ ಕಿತ್ತು ಬಿಸಾಕಿ, ಆಮೇಲೆ ಉತ್ತರೆ ಮಳೆ ಹೊತ್ತಿಗೆ ಬಿತ್ತಿದ್ವಿ. ಆ ವರ್ಷ ನೋಡೋಕೆ ಏನೂ ಇರ್ಲಿಲ್ಲ, ಅಲ್ಲೊಂದು ಇಲ್ಲೊಂದು ಗೆಣ್ಣುದ್ದ ಹುಲ್ಲು. "ಸಾರ್, ಇದು ಸತ್ತಿಲ್ಲ ಬಿಡಿ, ಎಳೆದ್ರೆ ಬರ್ತಿಲ್ಲ" ಅಂತ ಕಳೆ ತೆಗೆಯೋ ಅಕ್ಕ ಒಬ್ರು ಹೇಳಿದ ಆ ಒಂದು ಮಾತಿನ ಮೇಲೆ ನಾನು ಮೀಟಿಂಗ್‌ನಲ್ಲಿ ಇನ್ನೊಂದು ವರ್ಷ ಕೇಳ್ಕೊಂಡೆ.

ಈಗ ಮೂರನೇ ಮಳೆಗಾಲ. ಮಂಡಿಯುದ್ದ ಹುಲ್ಲು, ಮಧ್ಯೆ ತಂಗಡಿ ಹಳದಿ, ನೆಲಕ್ಕೆ ಅಂಟಿದಂಗೆ ವಿಷ್ಣುಕ್ರಾಂತಿಯ ನೀಲಿ, ತುಂಬೆ ತುಂಬ ಜೇನು. ಬೀಜ ಉದುರಿದ ಮೇಲೆ ವರ್ಷಕ್ಕೊಂದೇ ಸಲ ಕೊಯ್ತೀವಿ, ಹುಲ್ಲು ದನ ಇರೋರಿಗೆ ಕೊಡ್ತೀವಿ. ಬೇಸಿಗೆಗೆ ಮುಂಚೆ ಸುತ್ತ ಬೆಂಕಿ ಗೆರೆ ಕೆರೆಯೋದು ಮರೀಬಾರ್ದು, ಒಣ ಹುಲ್ಲಿಗೆ ಒಂದು ಬೀಡಿ ಸಾಕು.

ಗೇಟ್ ಪಕ್ಕದ ಕಾಲು ಭಾಗದಲ್ಲಿ ಮಾತ್ರ ಆ ಗೋಡು ಇನ್ನೂ ಹಂಗೇ ಐತೆ, ಅದನ್ನ ತೆಗೆಸೋಕೆ ದುಡ್ಡು ಸಾಕಾಗ್ಲಿಲ್ಲ. ಈ ವಾರನೂ ಅಕ್ಕಂದಿರು ಅಲ್ಲೇ ಕೂತು ಜೇಕಿನ ಗಡ್ಡೆ ಅಗೀತಾ ಇದ್ದಾರೆ.